ಸನ್‌ರೂಫಿನ ಸಿಳ್ಳೆ

ನನ್ನ ಹೆಂಡತಿಯ ಊರಿನಲ್ಲಿ ಕುಕ್ಕರ್ ಮಾರುವುದಿಲ್ಲ. ಬೇಳೆ ಬೇಯಬೇಕೆಂದರೆ ಪಾತ್ರೆಗೆ ತಟ್ಟೆ ಮುಚ್ಚಿ ಕಾಯಬೇಕು. ಬಸ್ಸಿನ ಕಂಡಕ್ಟರ್ ಊರಿನ ಗಡಿ ಬಂದೊಡನೆ ಸೀಟಿಯನ್ನು ಜೇಬಿಗಿಳಿಸಿ, ಬಾಗಿಲನ್ನು ದಬದಬ ಬಡಿದು ಬಸ್ಸು ಬಿಡಿಸುತ್ತಾನೆ. ಕಬಡ್ಡಿ ಪಂದ್ಯದ ರೆಫರಿ ಸೀಟಿಯ ಬದಲು ಕೆಂಪು ಟವೆಲ್ಲು ಬೀಸುತ್ತಾನೆ. ಇಷ್ಟೆಲ್ಲ ಎಚ್ಚರಿಕೆ ಯಾಕೆಂದರೆ ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಹೆಸರಿನ ಜೊತೆಗೆ ಒಂದು ಸಿಳ್ಳೆ ಇರುತ್ತದೆ. ತನ್ನ ಸಿಳ್ಳೆ ಕಿವಿಗೆ ಬಿದ್ದ ಮನುಷ್ಯನ ಕಾಲು ತಾನಾಗಿಯೇ ಎದ್ದು, ಸಿಳ್ಳೆ ಬಂದ ಕಡೆಗೆ ಹೊರಟುಬಿಡುತ್ತದೆ. ತಲೆ ಬೇಡವೆಂದರೂ ಕಾಲು ಕೇಳುವುದಿಲ್ಲ. ಸ್ನಾನ ಮಾಡುತ್ತಿದ್ದರೆ ಟವೆಲ್ಲು ಸುತ್ತಿಕೊಳ್ಳುವಷ್ಟು ಪುರುಸೊತ್ತು ಕೊಡುತ್ತದೆ, ಅದೂ ಕಾಲು ಒಳ್ಳೆಯದಾಗಿದ್ದರೆ.

ನಾನು ಇಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಈ ಊರಿನಲ್ಲಿ ಫೋಟೋ ತೆಗೆಯುವ ಕಷ್ಟ ನನಗೇ ಗೊತ್ತು. ನನ್ನ ಷೋಕೇಸಿನಲ್ಲಿರುವ ಯಾವ ಗ್ರೂಪ್ ಫೋಟೋ ನೋಡಿದರೂ ಅದರಲ್ಲಿ ಒಬ್ಬರಾದರೂ ಕುರ್ಚಿಯಿಂದ ಅರ್ಧ ಎದ್ದಿರುತ್ತಾರೆ. ನನ್ನ ಹೆಸರು ಚೆಲುವರಾಜು. ಆದರೆ ಆ ಹೆಸರು ಬೋರ್ಡಿನ ಮೇಲೆ ಮಾತ್ರ ಇದೆ. ಊರವರು ನನ್ನನ್ನು ಕರೆಯಬೇಕಾದರೆ ಸ್ಟುಡಿಯೋದವರೆಗೂ ನಡೆದು ಬಂದು, ಎದುರಿಗೆ ನಿಂತು, "ಏನ್ರೀ ಫೋಟೋದವ್ರ" ಎನ್ನುತ್ತಾರೆ. ಯಾಕೆಂದರೆ ನನಗೆ ಸಿಳ್ಳೆ ಇಲ್ಲ. ಈ ಊರಿನವರು ಊರೊಳಗೇ ಮದುವೆಯಾಗುತ್ತಾರೆ, ಹೊರಗಿನಿಂದ ಬಂದ ಅಳಿಯ ನಾನೊಬ್ಬನೇ.

ಸಿಳ್ಳೆ ಕೊಡಲು ನೋಡಲಿಲ್ಲವೆಂದಲ್ಲ. ಮದುವೆಯ ಮರುದಿನವೇ ಗುರುಸಿದ್ಧವ್ವ ನನ್ನನ್ನು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡಿದ್ದಳು. ಈ ಊರಿನ ಸಿಳ್ಳೆಗಳನ್ನೆಲ್ಲ ಕಟ್ಟುವವಳು ಅವಳೇ. ಬೆಳಗಿನಿಂದ ಊಟದ ಹೊತ್ತಿನವರೆಗೂ ಬಗೆಬಗೆಯ ಸಿಳ್ಳೆ ಹೊಡೆದಳು. ನನ್ನ ಕಾಲಿನ ಹೆಬ್ಬೆರಳೂ ಅಲ್ಲಾಡಲಿಲ್ಲ. ನೋಡಲು ನೆರೆದಿದ್ದ ಜನ ಸಂತಾಪ ಸೂಚಿಸಿ ಹೋದರು.

"ಬೆಳದ ಕಾಲಿಗೆ ಬಾಯಿಂದ ಕೊಟ್ಟಿದ್ದು ಹತ್ತೂದಿಲ್ಲ ತಮ್ಮಾ," ಎಂದಳು ಗುರುಸಿದ್ಧವ್ವ. "ಅದು ತಾನಾಗೇ ನಿನ್ನ ಹುಡುಕ್ಕೊಂಡ ಬರಬೇಕು."

ಎಲ್ಲಿಂದ ಬರುತ್ತದೆ, ಯಾವ ಬಸ್ಸಿಗೆ ಬರುತ್ತದೆ, ಒಂದೂ ಹೇಳಲಿಲ್ಲ. ನಾನೂ ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿ ಅಡುಗೆಮನೆಯಿಂದ ಸಿಳ್ಳೆ ಹೊಡೆದಾಗ ಓಡಬೇಕಿಲ್ಲದ ಗಂಡಸು ಇಡೀ ಊರಿಗೆ ನಾನೊಬ್ಬನೇ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಮಗಳು ಹುಟ್ಟಿದ ಮೇಲೆ ಆ ಬೀಗುವಿಕೆ ಇಳಿದುಹೋಯಿತು. ಮಗುವಿನ ಸಿಳ್ಳೆಯನ್ನು ಗುರುಸಿದ್ಧವ್ವ ಕಟ್ಟುವ ಕ್ರಮ ಹೀಗೆ: ತಾಯಿಯ ಸಿಳ್ಳೆಯಿಂದ ತಲೆ ತೆಗೆದುಕೊಳ್ಳುತ್ತಾಳೆ, ತಂದೆಯ ಸಿಳ್ಳೆಯಿಂದ ಬಾಲ ತೆಗೆದುಕೊಳ್ಳುತ್ತಾಳೆ, ನಡುವೆ ಆ ಮಗುವಿಗೆಂದೇ ತನ್ನದೊಂದು ಗಂಟು ಹಾಕುತ್ತಾಳೆ. ತಲೆ ಕೇಳಿದರೆ ಕಾಲು ಹೊರಡುತ್ತದೆ. ಬಾಲ ಕೇಳಿದರೆ ಕಾಲಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಬಾಲವಿಲ್ಲದ ಸಿಳ್ಳೆ ಇಟ್ಟುಕೊಂಡ ಮಗು ಕರೆದವರ ಹತ್ತಿರ ಬಂದು, ಅವರನ್ನು ದಾಟಿ, ಸುಮ್ಮನೆ ಮುಂದೆ ಹೋಗುತ್ತಲೇ ಇರುತ್ತದೆ. ಹಿಂದೆ ಒಬ್ಬ ಹುಡುಗ ಹಾಗೇ ಊಟಕ್ಕೆ ಕರೆದಾಗ ಹೊರಟವನು ಮೀಸೆ ಬಂದ ಮೇಲೆ ವಾಪಸು ಬಂದನಂತೆ. ಊರವರು ಇದನ್ನು ನಗುತ್ತಾ ಹೇಳುತ್ತಾರೆ. ಬಾಲ ಕೊಡಲು ಸಿಳ್ಳೆಯೇ ಇಲ್ಲದ ನನಗೆ ನಗು ಬರಲಿಲ್ಲ. ಹೆಸರಿಟ್ಟು, ಸಿಳ್ಳೆ ಕಟ್ಟಿ ತೊಟ್ಟಿಲಿಗೆ ಹಾಕುವ ದಿನ ಹತ್ತಿರವಾದಂತೆ ಮಗಳ ಅಂಗಾಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಕೂರುತ್ತಿದ್ದೆ. ನನ್ನ ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಆ ಕಾಲು ಒಂದು ದಿನ ನನ್ನ ಮುಂದೆಯೇ ದಾಟಿಕೊಂಡು ಹೋಗುತ್ತದೆಯಲ್ಲ ಎಂದು.

ಇಂಥ ಹೊತ್ತಿನಲ್ಲಿ ನಾನು ಕಾರು ತಂದೆ. ಬೇರೆಯವರು ಓಡಿಸಿ ಬಿಟ್ಟ ಕಾರು, ಆದರೆ ಅದಕ್ಕೆ ಸನ್‌ರೂಫ್ ಇತ್ತು. ಮದುವೆ ಮೆರವಣಿಗೆಯ ಮುಂದೆ ಕಾರು ಬಿಟ್ಟು, ಮಾಡಿನ ಗಾಜು ಸರಿಸಿ, ಎದೆಯ ಮಟ್ಟಕ್ಕೆ ಎದ್ದು ನಿಂತು ಫೋಟೋ ತೆಗೆಯಬಹುದು ಎಂದು ಹೆಂಡತಿ ನೀಲಾಂಬಿಕೆಗೆ ವಿವರಿಸಿದ್ದೆ. "ಹಂಗಾದ್ರ ಕಾರ್ ಯಾರು ಹೊಡೀತಾರ?" ಎಂದು ಅವಳು ಕೇಳಿದ್ದಳು. ಹೆಂಡತಿಯರು ಕೇಳುವ ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಹೊಳೆಯ ಸೇತುವೆ ದಾಟಿ ಪೇಟೆಯ ನೇರ ರಸ್ತೆಗೆ ಬಂದು ಸ್ವಲ್ಪ ಜೋರು ಮಾಡಿದೆ, ಅಷ್ಟೆ. ತಲೆಯ ಮೇಲೆ ಸನ್‌ರೂಫಿನ ಸಂದಿಯಿಂದ ಗಾಳಿ ಒಂದು ಸಿಳ್ಳೆ ಹಾಕಿತು. ಸಣ್ಣದಾಗಿ ಶುರುವಾಗಿ ಮೇಲೇರಿ ತಟ್ಟನೆ ಮುರಿಯುವ ಸಿಳ್ಳೆ. ಕನ್ನಡಿಯಲ್ಲಿ ನೋಡುತ್ತೇನೆ, ನಮ್ಮ ಹಲ್ಲಿನ ಡಾಕ್ಟರು ಕಲ್ಮೇಶ ಬಿಳಿ ಕೋಟು ಹಾರಿಸಿಕೊಂಡು, ಇಕ್ಕಳ ಹಿಡಿದುಕೊಂಡು ಕಾರಿನ ಹಿಂದೆ ಓಡಿ ಬರುತ್ತಿದ್ದಾರೆ. ಅವರ ಹಿಂದೆ ದವಡೆ ಹಿಡಿದುಕೊಂಡ ಪೇಶಂಟು. ಕಾರು ನಿಲ್ಲಿಸಿದೆ.

"ಯಾಕ್ರೀ ಕರದ್ರಿ ನನ್ನ?" ಎಂದರು ಡಾಕ್ಟರು, ಏದುಸಿರು ಬಿಡುತ್ತಾ.

"ನಾನು ಕರೀಲಿಲ್ಲ ಡಾಕ್ಟ್ರೇ. ಕಾರು."

"ಕಾರಿಗೆ ಹಲ್ಲು ನೂಸಾಕತ್ತೈತೇನು? ಹಲ್ಲು ಅರ್ಧಕ್ಕ ಬಿಟ್ಟ ಬಂದೀನ್ರೀ ನಾನು!"

ಪೇಶಂಟು ಬಾಯಿ ತೆರೆದು ಆ ಅರ್ಧವನ್ನು ನನಗೆ ತೋರಿಸಿದ.

ಸಂಜೆಯೊಳಗೆ ಡಾಕ್ಟರು ಮತ್ತೆ ಮತ್ತೆ ಓಡಿ ಬರಬೇಕಾಯಿತು, ಕಿವಿಗೆ ಹತ್ತಿ ತುರುಕಿಕೊಳ್ಳುವವರೆಗೂ. ಹತ್ತಿಗೇನು ಅವರಲ್ಲಿ ಬರವಿಲ್ಲ. ಆದರೆ ಕಿವಿಗೆ ಹತ್ತಿ ಇಟ್ಟುಕೊಂಡ ಡಾಕ್ಟರಿಗೆ ಪೇಶಂಟಿನ ಕೂಗೂ ಕೇಳಿಸುವುದಿಲ್ಲ. ಊರಿನ ಹಲ್ಲುಗಳ ಮೇಲೆ ಕರುಣೆ ಇದ್ದರೆ ಕಾರು ರಿಪೇರಿ ಮಾಡಿಸಬೇಕೆಂದು ಅವರು ಕಟ್ಟಪ್ಪಣೆ ಮಾಡಿದರು.

ಮರುದಿನ ಬೆಳಿಗ್ಗೆ ನಾನೇ ಕೂತೆ. ಸನ್‌ರೂಫಿನ ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಇರುತ್ತದೆ. ಅದು ಎಲ್ಲಿ ಬಿಗಿಯಾಗಿ ಕೂತಿಲ್ಲವೋ ಅಲ್ಲಿ ಗಾಳಿ ನುಗ್ಗುತ್ತದೆ. ಕಂಡುಹಿಡಿಯುವುದು ಸುಲಭ: ಸಂದಿಗೆ ಒಂದು ಕಾಗದದ ಪಟ್ಟಿ ಇಟ್ಟು ಗಾಜು ಮುಚ್ಚಿ, ಪಟ್ಟಿ ಎಳೆಯಬೇಕು. ಬಿಗಿಯಾಗಿ ಬಂದರೆ ಬೀಡಿಂಗ್ ಸರಿಯಿದೆ, ಸಲೀಸಾಗಿ ಬಂದರೆ ಸಂದಿ ಅಲ್ಲೇ. ನನ್ನ ಹತ್ತಿರ ಇದ್ದದ್ದು ಯಾರೂ ಒಯ್ಯದ ಪಾಸ್‌ಪೋರ್ಟ್ ಫೋಟೋಗಳ ಪಟ್ಟಿ. ಅವನ್ನೇ ಗಾಜಿನ ಸುತ್ತ ಸಿಕ್ಕಿಸಿದೆ. ಕಾರಿನ ಮಾಡಿನ ಮೇಲೆ ಊರವರ ಮುಖಗಳು ಸಾಲಾಗಿ ನಿಂತು ನನ್ನನ್ನೇ ನೋಡತೊಡಗಿದವು. ಎಳೆದೆ. ಮುಂಭಾಗದ್ದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಬಲಗಡೆ ಸಡಿಲ, ಎಡಗಡೆ ಸಡಿಲ, ಹಿಂದಿನ ಮೂಲೆಗಳೂ ಸಡಿಲ. ಎಲ್ಲ ಕಡೆಯೂ ಗಾಳಿಗೆ ರಾಜಮಾರ್ಗ.

ಸರಿ, ಒಂದೊಂದೇ ಸಂದಿಗೆ ಟೇಪ್ ಅಂಟಿಸಿ, ಓಡಿಸಿ ನೋಡಿ, ಯಾವ ಸಂದಿ ಸದ್ದು ಮಾಡುತ್ತದೆಂದು ಗೊತ್ತು ಮಾಡಿಕೊಳ್ಳೋಣವೆಂದುಕೊಂಡೆ. ಮೊದಲು ಮುಂಭಾಗಕ್ಕೆ ಅಂಟಿಸಿದೆ. ಪೇಟೆಯ ರಸ್ತೆಯಲ್ಲಿ ಜೋರು ಮಾಡಿದೆ. ಡಾಕ್ಟರ ಸಿಳ್ಳೆ ಬರಲಿಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬೇರೆಯದೇ ಸಿಳ್ಳೆ ಬಂತು. ಶಾಲೆಯ ಗೇಟಿನಿಂದ ಹೆಡ್ ಅಕ್ಕೋರು ಸುಮಿತ್ರಾಬಾಯಿ ಸೀಮೆಸುಣ್ಣ ಹಿಡಿದುಕೊಂಡೇ ಬಿರಬಿರನೆ ಬಂದರು. ಅವರು ಎದ್ದು ಹೊರಟರೆ ಮಕ್ಕಳೂ ಸಾಲಾಗಿ ಹೊರಡಬೇಕೆಂದು ಅವರೇ ಕಲಿಸಿದ್ದರಿಂದ ಹಿಂದೆ ಇಡೀ ತರಗತಿ.

"ಕೂಡಿಸೋ ಲೆಕ್ಕದ ನಡಬರಕ ಕರಿತೀರೇನ್ರಿ?" ಎಂದು ಗದರಿಸಿದರು. ಮಕ್ಕಳಿಗೆ ಸಂತೋಷವೋ ಸಂತೋಷ.

ಬಲಗಡೆಗೂ ಅಂಟಿಸಿದೆ. ಈ ಸಲ ಮಿರ್ಚಿ ಭಜಿಯ ರಾಜೇಸಾಬ ಎಣ್ಣೆಯಿಂದ ಭಜಿ ಎತ್ತುವ ಜಾರಿ ಹಿಡಿದುಕೊಂಡು ಬಂದ. ಜಾರಿಯ ತುಂಬ ಆಗಷ್ಟೇ ಎತ್ತಿದ ಭಜಿ. ಎಣ್ಣೆ ಸೋರುತ್ತಿತ್ತು. "ಬಂದೀನಂದ್ರ ತಿನ್ರಿ, ಆರಿ ಹೋಗ್ತಾವು," ಎಂದ ರಾಜೇಸಾಬ. ರಿಪೇರಿ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದ ಡಾಕ್ಟರು ಕಿವಿಯ ಹತ್ತಿ ತೆಗೆದು ಒಂದು ಭಜಿ ತೆಗೆದುಕೊಂಡರು. ಅಕ್ಕೋರು ಮಕ್ಕಳಿಗೆ ಹಂಚಿದರು. ಅಷ್ಟರಲ್ಲಿ ಅಂಗಡಿಯವರೆಲ್ಲ ಹೊರಗೆ ಬಂದು, ಮುಂದೆ ಯಾರು ಓಡಿ ಬರುತ್ತಾರೋ ಎಂದು ರಸ್ತೆಯ ಎರಡೂ ಕಡೆ ನಿಂತುಬಿಟ್ಟರು. ನಿಜ ಹೇಳುತ್ತೇನೆ, ನನಗೆ ತಲೆ ತಿರುಗಿತು. ಸಿಳ್ಳೆಯೇ ಇಲ್ಲದ ನಾನು, ಕರೆದರೆ ತಿರುಗಿ ನೋಡಲೂ ಬಾರದ ನಾನು, ಒಂದು ಟೇಪಿನ ಉರುಳೆಯಿಂದ ಊರನ್ನೇ ಓಡಿಸುತ್ತಿದ್ದೆ! ರಿಪೇರಿಯ ಮಾತು ಮರೆತೇಹೋಯಿತು. ಎಡಗಡೆ ಅರ್ಧ ಅಂಟಿಸಿದೆ, ಹಾರಿಸಿಕೊಂಡು ಹೋದೆ.

ಬಂದವಳು ನೀಲಾಂಬಿಕೆ. ಹೆಗಲ ಮೇಲೆ ಮಗು, ಕೈಯಲ್ಲಿ ಎಣ್ಣೆಯ ಬಟ್ಟಲು, ಮುಖದಲ್ಲಿ ಕೆಂಡ.

"ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ದೆ. ಏನಾಗೇತಿ ನಿಮಗ?"

"ನಾನಲ್ಲ ನೀಲಾ, ಕಾರು…"

"ಕಾರಂತ ಕಾರು! ಲಗ್ನ ಆದಾಗಿಂದ ಒಂದ ಸಲಾನೂ ಸಿಳ್ಳಿ ಹೊಡದು ಕರದಿಲ್ಲ, ಈಗ ಕರದ್ರೂ ಕಾರ್ ಕೈಲೆ ಕರಸ್ತೀರಲ್ಲ!" ಎಂದವಳು ಸುತ್ತಲಿನ ಜನರನ್ನೂ ಭಜಿಯನ್ನೂ ನೋಡಿದಳು. ನಗು ತಡೆಯಲಾಗದೆ ಮಗುವಿನೊಂದಿಗೆ ಹಿಂದಿನ ಸೀಟಿಗೆ ಏರಿ ಕೂತಳು. "ನಡೀರಿ, ಇನ್ನ್ಯಾರ ಬರ್ತಾರೋ ನಾನೂ ನೋಡ್ತೀನಿ."

ಎಡಗಡೆ ಉಳಿದರ್ಧವನ್ನೂ ಅಂಟಿಸಿ ಹೊರಟೆ. ಸಿಳ್ಳೆ ಬಂತು. ಹಳೆಯ ಬಾಗಿಲ ಕೀಲಿನಂಥ, ನಡುಗುವ ಸಿಳ್ಳೆ. ಯಾರಿಗೂ ಅದರ ಗುರುತು ಸಿಗಲಿಲ್ಲ. ಆಮೇಲೆ ಗಲ್ಲಿಯ ತಿರುವಿನಲ್ಲಿ ಕೋಲು ಕುಟ್ಟುವ ಸದ್ದು ಕೇಳಿತು. ಗುರುಸಿದ್ಧವ್ವ ಬರುತ್ತಿದ್ದಳು. ಅವಳ ವಯಸ್ಸಿನ ಕಾಲಿಗೆ ಎಷ್ಟು ಸಾಧ್ಯವೋ ಅಷ್ಟೂ ಓಡುತ್ತಾ ಬರುತ್ತಿದ್ದಳು.

ಈ ಊರಿನಲ್ಲಿ ಚಿಕ್ಕವರು ಹಿರಿಯರಿಗೆ ಸಿಳ್ಳೆ ಹೊಡೆಯುವಂತಿಲ್ಲ. ಹೋಗಿ ಎದುರಿಗೆ ನಿಂತು ಮಾತಾಡಿಸಬೇಕು. ಗುರುಸಿದ್ಧವ್ವನಿಗಿಂತ ಹಿರಿಯರು ಒಬ್ಬೊಬ್ಬರೇ ಹೋಗಿಬಿಟ್ಟ ಮೇಲೆ ಅವಳನ್ನು ಕರೆಯುವವರೇ ಇರಲಿಲ್ಲ. ಊರಿಗೆಲ್ಲ ಸಿಳ್ಳೆ ಕಟ್ಟಿಕೊಟ್ಟವಳ ಸಿಳ್ಳೆ ಯಾವುದೆಂದು ನೆರೆದವರಲ್ಲಿ ಯಾರಿಗೂ ನೆನಪಿರಲಿಲ್ಲ.

"ಯಾರು ಕರದ್ರು ನನ್ನ?" ಎಂದಳು. ಕಣ್ಣಿನಲ್ಲಿ ನೀರಿತ್ತು, ಬೊಚ್ಚು ಬಾಯಿಯ ತುಂಬ ನಗುವಿತ್ತು. "ನಮ್ಮವ್ವ ಕರದಂಗಾತು."

ಕಾರು ಎಂದು ಹೇಳಿದೆವು. ಬೇಸರ ಮಾಡಿಕೊಳ್ಳುತ್ತಾಳೇನೋ ಎಂದು ಹೆದರಿದ್ದೆ. ಅವಳು ಬಾನೆಟ್ಟನ್ನು ದನದ ಹಣೆ ಸವರಿದಂತೆ ಸವರಿ, ಮುಂದಿನ ಬಾಗಿಲು ತೆಗೆಸಿ, ನನ್ನ ಪಕ್ಕದಲ್ಲಿ ಕೂತಳು. "ಹೊಡಿ," ಎಂದಳು.

ಇನ್ನು ಉಳಿದಿದ್ದು ಹಿಂಭಾಗ. ಎಡಮೂಲೆಯಿಂದ ಬಲಮೂಲೆಯ ಹತ್ತಿರದವರೆಗೂ ಅಂಟಿಸುವಷ್ಟರಲ್ಲಿ ಟೇಪ್ ಮುಗಿಯಿತು. ಬೆರಳಗಲದ ಒಂದು ಸಂದಿ ಮಾತ್ರ ಉಳಿಯಿತು, ಅಲ್ಲಿ ರಬ್ಬರ್ ಸೀಳಿತ್ತು. ಹೊರಟೆ. ಜೋರು ಮಾಡಿದೆ. ಆ ಮೂಲೆಯಿಂದ ಒಂದು ಸಿಳ್ಳೆ ಬಂತು. ಮೊದಲು ಉದ್ದಕ್ಕೆ ಎಳೆದು, ಎಡವಿದಂತೆ ಒಂದು ಸಣ್ಣ ನೆಗೆತ ನೆಗೆದು, ಕೊನೆಗೆ ಮೆಲ್ಲಗೆ ಕೂತುಬಿಡುವ ಸಿಳ್ಳೆ.

ಜನ ಆ ಕಡೆ ಈ ಕಡೆ ನೋಡಿದರು. ಯಾರೂ ಬರಲಿಲ್ಲ. ಹಿಂದಿರುಗಿ ಬಂದು ಮತ್ತೊಂದು ಸಲ ಓಡಿಸಿದೆ. ಒಂದು ನಾಯಿ ಕೂಡ ಏಳಲಿಲ್ಲ.

"ಆತಲ್ರೀ!" ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು. "ಇದು ಯಾರದೂ ಅಲ್ಲ. ಹಿಂಗ ಬಿಡ್ರಿ, ಯಾರಿಗೂ ತ್ರಾಸಿಲ್ಲ."

ಆದರೆ ಕಾರಿನದು ಹೊಸ ತಕರಾರು ಶುರುವಾಗಿತ್ತು. ಆ ಸಿಳ್ಳೆ ಬಂದಾಗಲೆಲ್ಲ ಕಾರು ಮುಗ್ಗರಿಸಿ ನಿಧಾನವಾಗುತ್ತಿತ್ತು. ನಿಧಾನವಾದರೆ ಸಿಳ್ಳೆ ನಿಲ್ಲುತ್ತಿತ್ತು. ಜೋರು ಮಾಡಿದರೆ ಮತ್ತೆ ಸಿಳ್ಳೆ, ಮತ್ತೆ ಮುಗ್ಗರಿಕೆ. ಸಾಲದ್ದಕ್ಕೆ ನನ್ನ ಮೊಣಕಾಲು ಸ್ಟಿಯರಿಂಗಿಗೆ ಟಕ್ಕನೆ ಬಡಿಯುತ್ತಿತ್ತು.

"ಎಂಜಿನ್ನೂ ಹಾಳಾಗಿದೆ ಅಂತ ಕಾಣುತ್ತೆ," ಎಂದೆ.

"ಮತ್ತ ಹೊಡಿ," ಎಂದಳು ಗುರುಸಿದ್ಧವ್ವ. ಅವಳು ರಸ್ತೆ ನೋಡುತ್ತಿರಲಿಲ್ಲ.

ಹೊಡೆದೆ. ಸಿಳ್ಳೆ, ಮುಗ್ಗರಿಕೆ, ಟಕ್.

"ಮಗು ರಾತ್ರಿಯೆಲ್ಲ ನಿದ್ದೆ ಕೊಡಲ್ಲ ಅಜ್ಜಿ, ಅದಕ್ಕೇ ಕಾಲು ಅದುರುತ್ತೆ."

"ಬಾಯಿ ಮುಚ್ಚಿ ಮತ್ತ ಹೊಡಿ."

ಈ ಸಲ ಅವಳು ತನ್ನ ಕೋಲನ್ನು ಅಡ್ಡಡ್ಡ ನನ್ನ ಮೊಣಕಾಲುಗಳ ಮೇಲೆ ಇಟ್ಟಳು. ಸಿಳ್ಳೆ ಬಂತು. ಆಕ್ಸಿಲರೇಟರಿನ ಮೇಲಿದ್ದ ನನ್ನ ಪಾದ ತಾನಾಗಿಯೇ ಮೇಲೆದ್ದಿತು. ಎರಡೂ ಮೊಣಕಾಲು ಎದ್ದು ನಿಲ್ಲಲು ಹೊರಟವು. ಕೋಲು ಮೇಲಕ್ಕೆ ಬಂದು ಸ್ಟಿಯರಿಂಗಿಗೆ ಬಡಿಯಿತು. ನಾನು ಏಳಬೇಕೆಂದುಕೊಂಡಿರಲಿಲ್ಲ. ಕಾಲು ಅಂದುಕೊಂಡಿತ್ತು.

ಗುರುಸಿದ್ಧವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಗೆಲ್ಲ ಕೇಳುವಂತೆ ಕೂಗಿದಳು: "ಯಾರೂ ಬರಲಿಲ್ಲ ಅಂತೀರಲ್ಲೋ! ಬರಬೇಕಾದಾಂವ ಒಳಗ ಕುಂತಾನ, ಇನ್ನೆಲ್ಲಿಂದ ಬರತಾನ?"

ನೀಲಾಂಬಿಕೆ ಹಿಂದಿನಿಂದ ನನ್ನ ಹೆಗಲು ಹಿಡಿದುಕೊಂಡಳು. ನಾನು ಅತ್ತೆನೋ ನಕ್ಕೆನೋ ನನಗೆ ತಿಳಿಯದು. ಎರಡೂ ಒಟ್ಟಿಗೆ ಬಂದಿರಬೇಕು, ಯಾಕೆಂದರೆ ಡಾಕ್ಟರು ನನ್ನ ಬಾಯಿ ಪರೀಕ್ಷಿಸಲು ಹತ್ತಿರ ಬಂದರು. ಮಕ್ಕಳು ಕಾರಿನ ಸುತ್ತ ಕುಣಿದರು. ಅಕ್ಕೋರು ಬೈಯಲಿಲ್ಲ, ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ಈಗ ಆತುರವೆಲ್ಲ ಬೇರೆಯಾಯಿತು. ಸೀಳಿದ ರಬ್ಬರ್ ಇವತ್ತು ಹಾಡಿದ್ದನ್ನು ನಾಳೆ ಹಾಡುತ್ತದೆಂಬ ನಂಬಿಕೆಯಿಲ್ಲ. ಅದು ಪೂರ್ತಿ ಹರಿಯುವ ಮೊದಲು ನೀಲಾಂಬಿಕೆಯ ಬಾಯಿಗೆ ಆ ಸಿಳ್ಳೆ ಬರಬೇಕಿತ್ತು. ರಸ್ತೆಯ ಉದ್ದಕ್ಕೂ ನಾನು ಮೊಣಕಾಲು ಬಡಿಸಿಕೊಳ್ಳುತ್ತಾ ಕಾರು ಓಡಿಸಿದೆ, ಅವಳು ತುಟಿ ಸೊಟ್ಟ ಮಾಡಿ ಕಲಿತಳು. ಆ ನಡುವಿನ ನೆಗೆತ ಅವಳಿಗೆ ಒಲಿಯಲೊಲ್ಲದು. ಒಂದು ಸಲ ತಪ್ಪಿ ಊದಿದ್ದಕ್ಕೆ ರಾಜೇಸಾಬ ಮತ್ತೆ ಜಾರಿ ಹಿಡಿದು ಓಡಿ ಬಂದ. "ಮತ್ತ ನಾನ ಏನ್ರೀ ಅಕ್ಕಾರ?" ಎಂದ. ಬಂದಿದ್ದಕ್ಕೆ ಮತ್ತೊಂದು ಸುತ್ತು ಭಜಿ ಆಯಿತು. ಕೊನೆಗೆ ಗುರುಸಿದ್ಧವ್ವ ಅವಳ ಕೆನ್ನೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, "ಈಗ ಊದು," ಎಂದಳು. ನಿಂತ ಕಾರಿನಲ್ಲಿ ನನ್ನ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು.

ಆಮೇಲೆ ರಿಪೇರಿ. ಗಾಜಿನ ಪಕ್ಕದ ಪಟ್ಟಿ ಬಿಚ್ಚಿದರೆ ಒಳಗೆ ತಿರುಪುಗಳಿವೆ. ಅವನ್ನು ಸಡಿಲಿಸಿ ಗಾಜಿನ ಮುಂಭಾಗವನ್ನು ಮಾಡಿಗಿಂತ ಕೂದಲೆಳೆಯಷ್ಟು ತಗ್ಗಿಸಿ, ಹಿಂಭಾಗವನ್ನು ಅಷ್ಟೇ ಏರಿಸಿ ಬಿಗಿ ಮಾಡಿದೆ. ಹಳೆಯ ಬೀಡಿಂಗ್ ಕಿತ್ತು, ಸಂದಿಯ ಧೂಳು ಒರೆಸಿ, ಹೊಸದನ್ನು ಕೂರಿಸಿದೆ. ಫೋಟೋ ಪಟ್ಟಿಗಳನ್ನು ಮತ್ತೆ ಸಿಕ್ಕಿಸಿ ಎಳೆದರೆ ಒಂದೂ ಜಗ್ಗಲಿಲ್ಲ, ಅಕ್ಕೋರ ಪಾಸ್‌ಪೋರ್ಟ್ ಫೋಟೋ ಮಾತ್ರ ಕುತ್ತಿಗೆಯ ಹತ್ತಿರ ಹರಿಯಿತು. ಇದನ್ನು ಅವರಿಗೆ ಹೇಳಿಲ್ಲ. ಕಾರು ಈಗ ಪೇಟೆಯಲ್ಲಿ ಎಷ್ಟು ಜೋರಾಗಿ ಹೋದರೂ ತುಟಿ ಪಿಟಕ್ಕೆನ್ನುವುದಿಲ್ಲ. ಸೀಳಿದ ಆ ರಬ್ಬರಿನ ತುಂಡನ್ನು ಎಸೆಯಲು ಮನಸ್ಸು ಬರಲಿಲ್ಲ, ಕ್ಯಾಮೆರಾದ ಚೀಲದಲ್ಲಿದೆ.

ಬಾಯಿಯಿಂದ ಊದಿದ್ದು ದೂರದಿಂದಲೂ ಹತ್ತುತ್ತದೋ ಇಲ್ಲವೋ ಎಂಬ ಅನುಮಾನ ಮಾತ್ರ ಉಳಿದಿತ್ತು. ತೊಟ್ಟಿಲಿನ ಹಿಂದಿನ ದಿನ ಡಾಕ್ಟರು ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಬಂದು ಕೂತಿದ್ದರು. "ಗದ್ದ ಸ್ವಲ್ಪ ಎತ್ತಿ, ನಗಬೇಡಿ," ಎಂದು ನಾನು ಬಟನ್ ಒತ್ತುವವನಿದ್ದೆ. ಎರಡು ಓಣಿಯಾಚೆ ನಮ್ಮ ಅಡುಗೆಮನೆಯಿಂದ ಸಿಳ್ಳೆ ಬಂತು. ಉದ್ದಕ್ಕೆ ಎಳೆದು, ನೆಗೆದು, ಕೂತುಬಿಡುವ ನನ್ನ ಸಿಳ್ಳೆ. ನನ್ನ ಕಾಲು ಹೊರಟೇಬಿಟ್ಟಿತು.

"ಎಲ್ಲಿ ಹೊಂಟ್ರೀ? ಫೋಟೋ ಅರ್ಧಕ್ಕ ಬಿಟ್ಟು?" ಎಂದು ಡಾಕ್ಟರು ಕೂಗುತ್ತಿದ್ದರು.

"ಕರೀತಿದಾರೆ ಡಾಕ್ಟ್ರೇ, ಕರೀತಿದಾರೆ!" ಎಂದು ಕೂಗಿಕೊಂಡೇ ಓಡಿದೆ. ಕ್ಯಾಮೆರಾ ಕೊರಳಲ್ಲಿ ಕುಣಿಯುತ್ತಿತ್ತು. ದಾರಿಯುದ್ದಕ್ಕೂ ಜನ ಜಾಗ ಬಿಟ್ಟು ಕೊಟ್ಟರು, ಸಿಳ್ಳೆ ಬಂದವರಿಗೆ ಬಿಡುತ್ತಾರಲ್ಲ, ಹಾಗೆ. ನಮ್ಮ ಹೊಸ್ತಿಲು ದಾಟಿ, ನೀಲಾಂಬಿಕೆಯ ಎದುರಿಗೆ ಬಂದು ಕಾಲು ನಿಂತಿತು. "ಏನಿಲ್ಲ," ಎಂದಳು ಅವಳು, ಮುಸುರೆ ತಿಕ್ಕುತ್ತಾ. "ಸುಮ್ಮನ ನೋಡಬೇಕನಸ್ತು." ಅದಾದ ಮೇಲೆ ಆ ದಿನ ಅವಳು ಎಷ್ಟು ಸಲ ಸುಮ್ಮನೆ ನೋಡಿದಳೆಂದು ಕೇಳಬೇಡಿ. ಹಿಂದೆ ಬೀಗಿದ್ದಕ್ಕೆಲ್ಲ ಬಡ್ಡಿ ಸಮೇತ ಓಡಿದೆ, ಒಂದೊಂದು ಸಲವೂ ಸಂತೋಷವಾಗಿಯೇ ಓಡಿದೆ.

ತೊಟ್ಟಿಲಿನ ದಿನ ಮನೆ ತುಂಬ ಹೆಂಗಸರು. ಗುರುಸಿದ್ಧವ್ವ ಬಂದು ತೊಟ್ಟಿಲ ಪಕ್ಕದಲ್ಲಿ ಕೂತಳು. ಮಗುವಿನ ಕಿವಿಯಲ್ಲಿ ವಾಡಿಕೆಯಂತೆ "ಕುರ್ರ್" ಎಂದು ಕೂಗಿ ಹೆಸರು ಹೇಳಿದಳು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು. ನಾನು ತೊಟ್ಟಿಲಿನ ಹಗ್ಗ ಹಿಡಿದುಕೊಂಡು ಮಗಳ ಅಂಗಾಲನ್ನೇ ನೋಡುತ್ತಿದ್ದೆ.

ಮೊದಲು ನೀಲಾಂಬಿಕೆಯ ಸಿಳ್ಳೆಯ ತಲೆ ಊದಿದಳು. ಮಲಗಿದ್ದ ಮಗುವಿನ ಎರಡೂ ಕಾಲು ಗಾಳಿಯಲ್ಲಿ ಪಟಪಟನೆ ಒದೆಯತೊಡಗಿದವು. ಹೊದಿಕೆ ಜಾರಿಹೋಯಿತು. ಇನ್ನೂ ನೆಲ ಮುಟ್ಟದ ಆ ಕಾಲುಗಳು ಎಲ್ಲಿಗೋ ಹೊರಟೇಬಿಟ್ಟಿದ್ದವು. ಗಂಟು ಊದಿದಳು. ಒದೆತ ಇನ್ನೂ ಜೋರಾಯಿತು, ತೊಟ್ಟಿಲು ಅಲ್ಲಾಡಿತು. ನಾನು ಹಗ್ಗ ಬಿಗಿಯಾಗಿ ಹಿಡಿದೆ. ಗುರುಸಿದ್ಧವ್ವ ಒಮ್ಮೆ ನನ್ನ ಕಡೆ ನೋಡಿ ನನ್ನ ಬಾಲ ಊದಿದಳು, ಮೆಲ್ಲಗೆ ಕೂತುಬಿಡುವ ಆ ಕೊನೆಯ ತುಣುಕು.

ಎರಡೂ ಪುಟ್ಟ ಕಾಲು ಅಲ್ಲೇ ನಿಂತವು.